ಪುಟ್ಟ ಕಿತ್ತಳೆಯೊಳಗೆ ಆರಿದ ಅನ್ನ

ಇಟಲಿಯ ಸಿಸಿಲಿ ದ್ವೀಪದಲ್ಲಿ ಎಣ್ಣೆಯಲ್ಲಿ ಕರಿದ ಅನ್ನದ ಉಂಡೆಯೊಂದಿದೆ. ಪಲೆರ್ಮೊ ಊರಲ್ಲಿ ಇದಕ್ಕೆ ‘ಅರಾಂಚೀನಾ’ ಎನ್ನುತ್ತಾರೆ, ಕತಾನಿಯಾದಲ್ಲಿ ‘ಅರಾಂಚೀನೊ’. ಹೆಸರು ಅಲ್ಲಿ ಸ್ತ್ರೀಲಿಂಗ, ಇಲ್ಲಿ ಪುಲ್ಲಿಂಗ. ಯಾವುದು ಸರಿ ಎಂಬ ವಾದಕ್ಕೆ 2016ರಲ್ಲಿ ಇಟಲಿಯ ಭಾಷಾ ಸಂಸ್ಥೆ ಅಕಾಡೆಮಿಯಾ ಡೆಲ್ಲಾ ಕ್ರೂಸ್ಕಾ ಎರಡೂ ಸರಿ ಎಂದು ಉತ್ತರ ಕೊಟ್ಟಿತು. ಹೇಗೆ ಕರೆದರೂ ಅರ್ಥ ಪುಟ್ಟ ಕಿತ್ತಳೆ. ಕೇಸರಿ ಹಾಕಿದ ಅನ್ನದ ಉಂಡೆ, ಹೊಟ್ಟೆಯಲ್ಲಿ ಮಾಂಸದ ರಾಗು (ನಿಧಾನವಾಗಿ ಬೇಯಿಸಿದ ಗಟ್ಟಿ ಸಾಸ್), ಬಟಾಣಿ, ಚೀಸ್. ಮೈಗೆಲ್ಲ ಬ್ರೆಡ್ ಪುಡಿ. ಡಿಸೆಂಬರ್ 13ರ ಸಂತ ಲೂಸಿಯಾ ಹಬ್ಬದಂದು ಪಲೆರ್ಮೊದವರು ಬ್ರೆಡ್ಡು, ಪಾಸ್ತಾ ಬಿಟ್ಟು ದಿನವಿಡೀ ಇದನ್ನೇ ತಿನ್ನುತ್ತಾರೆ.

ರುಚಿ ಹುಟ್ಟುವುದು ಬಾಣಲೆಯಲ್ಲಿ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಅದಕ್ಕೂ ಮುಂಚೆ ಅನ್ನ ಆರಬೇಕು. ಅಕ್ಕಿ ಬೇಯುವಾಗ ಅದರ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ತಣ್ಣಗಾದಂತೆ ಪಿಷ್ಟದ ಎಳೆಗಳು ಮತ್ತೆ ಒಂದಕ್ಕೊಂದು ಹತ್ತಿರ ಬಂದು ಬಿಗಿಯುತ್ತವೆ. ನಮ್ಮ ತಂಗಳನ್ನದ ಅಗುಳು ಗಟ್ಟಿಯಾಗುವುದೂ ಇದಕ್ಕೇ. ಅಂಟು ಜಾಸ್ತಿ ಇರುವ ಗಿಡ್ಡ ಅಕ್ಕಿಯ ಅನ್ನ ಹೀಗೆ ಬಿಗಿದರೆ ಉಂಡೆ ಎಣ್ಣೆಯಲ್ಲಿ ಒಡೆಯುವುದಿಲ್ಲ. ಆರಿದ ಪಿಷ್ಟದಲ್ಲಿ ಒಂದು ಪಾಲು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಆ ಪಾಲು ಚಿಕ್ಕದು. ಇದನ್ನೇ ನೆಚ್ಚಿ ಸುಮ್ನೆ ನಾಲ್ಕು ತಿನ್ನಬೇಡಿ. ಅನ್ನವನ್ನು ಅಗಲವಾಗಿ ಹರಡಿ, ಬೇಗ ಆರಿಸಿ, ಫ್ರಿಜ್‌ನಲ್ಲಿಡಿ. ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದು ಬಿಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಇನ್ನು ಎಣ್ಣೆ, ಸುಮಾರು 180 ಡಿಗ್ರಿಯದು. ಹೊರಪದರದ ನೀರು ಆವಿಯಾಗಿ ನುಗ್ಗಿ ಬರುತ್ತದೆ. ನಾವು ನೋಡುವ ಗುಳ್ಳೆಗಳು ಅವೇ. ಒಣಗಿದ ಮೈಯಲ್ಲಿ ಪ್ರೋಟೀನು, ಸಕ್ಕರೆ ಕೂಡಿ ಕಂದು ಬಣ್ಣ, ಘಮ ಬರುತ್ತವೆ. ಒಳಗಿನ ಅನ್ನ ಮಾತ್ರ ತೇವವಾಗಿಯೇ ಇದ್ದು ಚೀಸನ್ನು ಕರಗಿಸುತ್ತದೆ. ಗರಿಗರಿ ಕಚ್ಚಿದ ಮರುಕ್ಷಣ ಮೆತ್ತಗೆ. ನನ್ನನ್ನು ಸೋಲಿಸುವುದು ಇದೇ.

ಪೋಷಣೆಯ ಲೆಕ್ಕದಲ್ಲಿ ಇದು ಪಿಷ್ಟವೇ ಹೆಚ್ಚಿರುವ ತಿಂಡಿ. ಮಾಂಸ, ಚೀಸಿನಿಂದ ಪ್ರೋಟೀನು, ಬಟಾಣಿಯಿಂದ ಸ್ವಲ್ಪ ನಾರು. 100 ಗ್ರಾಂ ಅನ್ನಕ್ಕೆ ಸುಮಾರು 130 ಕ್ಯಾಲೊರಿ. ಹೀರಿಕೊಂಡ ಎಣ್ಣೆ 10 ಗ್ರಾಂ ಆದರೂ 90 ಕ್ಯಾಲೊರಿ ಸೇರಿತು. ಹೊಟ್ಟೆ ತುಂಬುವ ಒಂದು ದೊಡ್ಡ ಉಂಡೆಯನ್ನು ತಿಂಡಿಯೆನ್ನದೆ ಊಟವೆಂದೇ ಎಣಿಸುವುದು ಒಳ್ಳೆಯದು, ಜೊತೆಗೆ ಒಂದಿಷ್ಟು ಹಸಿ ತರಕಾರಿ.

ಎಣ್ಣೆಯ ದೊಡ್ಡ ಪಾಲು ಒಳಗೆ ಹೋಗುವುದು ಕರಿಯುವಾಗ ಅಲ್ಲ, ಎತ್ತಿದ ಮೇಲೆ. ಆವಿಯ ಒತ್ತಡ ಇಳಿದಂತೆ ಮೈಗಂಟಿದ ಎಣ್ಣೆಯನ್ನು ಪದರ ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಜಾಲರಿಯಲ್ಲಿ ಎತ್ತಿದ ತಕ್ಷಣ, ಉಂಡೆ ಇನ್ನೂ ಸುಡುತ್ತಿರುವಾಗಲೇ, ಚೆನ್ನಾಗಿ ಬಸಿದು ಕಾಗದದ ಮೇಲೆ ಉರುಳಿಸಿ.