ಬೀಗದೊಳಗಿನ ಚೇತರಿಕೆಗೆ ಅಳತೆಗೋಲು ಯಾವುದು?

ಇತರರಿಗೆ ಅಪಾಯ ಒಡ್ಡಬಲ್ಲ ಮನೋರೋಗಿಗಳನ್ನು ಬೀಗ-ಕಾವಲಿನಲ್ಲಿಟ್ಟು ಚಿಕಿತ್ಸೆ ಕೊಡುವ, ಇಂಗ್ಲೆಂಡಿನ ಬ್ರಾಡ್‌ಮೂರ್‌ನಂಥ ಭದ್ರತಾ ಮನೋವೈದ್ಯಕೀಯ ಆಸ್ಪತ್ರೆಯಲ್ಲಿರುವ ರೋಗಿಯೊಬ್ಬರು ಎರಡು ವರ್ಷಗಳಿಂದ ಯಾರ ಮೇಲೂ ಕೈ ಮಾಡಿಲ್ಲ ಎಂದಿಟ್ಟುಕೊಳ್ಳೋಣ. ಇದು ಚಿಕಿತ್ಸೆಯ ಫಲವೋ, ಬೀಗ ಮತ್ತು ಕಾವಲಿನ ಫಲವೋ? ಚೇತರಿಕೆಯನ್ನು ಅಳೆಯಲು ಇಲ್ಲಿ ಬಳಸುವ ಯಾವುದೇ ಅಳತೆಗೋಲನ್ನು ಮೊದಲು ಒರೆಗೆ ಹಚ್ಚಬೇಕಾದದ್ದು ಈ ಪ್ರಶ್ನೆಗೆ.

ರೋಗಿ ಮುಂದೆ ಹಿಂಸೆಗೆ ಇಳಿಯುವ ಅಪಾಯವನ್ನು ಅಂದಾಜು ಮಾಡುವ ಹೆಸರುವಾಸಿ ಸಾಧನ ಎಚ್‌ಸಿಆರ್-20ರ ಮೂರನೆಯ ಆವೃತ್ತಿ 2013ರಲ್ಲಿ ಬಂತು. ಅದರ 20 ಅಂಶಗಳಲ್ಲಿ 10 ರೋಗಿಯ ಗತಜೀವನಕ್ಕೆ, 5 ಈಗಿನ ಮಾನಸಿಕ ಸ್ಥಿತಿಗೆ, 5 ಮುಂದಿನ ಅಪಾಯದ ನಿರ್ವಹಣೆಗೆ ಸಂಬಂಧಿಸಿವೆ. ಹಿಂದೆ ನಡೆಸಿದ ಹಿಂಸೆಯನ್ನು ಯಾವ ಔಷಧವೂ ಅಳಿಸಲಾರದು. ಹಾಗಾಗಿ ರೋಗಿ ಎಷ್ಟೇ ಸುಧಾರಿಸಿದರೂ ಅರ್ಧದಷ್ಟು ಅಂಶಗಳು ಬಹುಮಟ್ಟಿಗೆ ಇದ್ದಲ್ಲೇ ಇರುತ್ತವೆ. ಅಪಾಯವನ್ನು ಅಂದಾಜು ಮಾಡಲು ರೂಪಿಸಿದ ಸಾಧನದಿಂದ ಚೇತರಿಕೆಯನ್ನು ಅಳೆಯಲು ಹೊರಡುವುದು, ನನ್ನ ದೃಷ್ಟಿಯಲ್ಲಿ, ತಕ್ಕಡಿಯಿಂದ ಜ್ವರ ನೋಡಿದಂತೆ.

ಬ್ರಿಟನ್ನಿನ ಹಾನೊಸ್ ಮಾಪಕವಾದರೋ ಮನೋರೋಗಿಯ ಸ್ಥಿತಿಯಲ್ಲಾಗುವ ಬದಲಾವಣೆಯನ್ನು ಹಿಡಿಯಲೆಂದೇ ಹುಟ್ಟಿದ್ದು. ಅದರ 12 ಅಂಶಗಳಿಗೆ 0ಯಿಂದ 4ರವರೆಗೆ ಅಂಕ ಕೊಡಲಾಗುತ್ತದೆ. ಭದ್ರತಾ ಆಸ್ಪತ್ರೆಗಳ ಆವೃತ್ತಿಯಲ್ಲಿ ಇನ್ನೂ 7 ಅಂಶಗಳಿವೆ. ರೋಗಿ ತಪ್ಪಿಸಿಕೊಳ್ಳದಂತೆ ಕಟ್ಟಡಕ್ಕೆ ಎಷ್ಟು ಭದ್ರತೆ ಬೇಕು, ಹೊರಗೆ ಹೋಗುವಾಗ ಜೊತೆಗೆ ಸಿಬ್ಬಂದಿ ಬೇಕೇ ಎಂಬಂಥವು ಅವು. ಹೀಗೆ ವರ್ತನೆಯನ್ನೂ ಅದರ ಸುತ್ತಲಿನ ಆಸರೆಯನ್ನೂ ಬೇರ್ಪಡಿಸಿ ನೋಡುವುದರಿಂದ, ಶಾಂತವಾಗಿರುವ ರೋಗಿಯ ಶಾಂತಿ ಯಾವುದರ ಮೇಲೆ ನಿಂತಿದೆ ಎಂಬುದು ಒಂದಿಷ್ಟಾದರೂ ಬಯಲಾಗುತ್ತದೆ. ಆದರೆ ಒಬ್ಬನೇ ರೋಗಿಗೆ ಇಬ್ಬರು ದಾದಿಯರು ಪ್ರತ್ಯೇಕವಾಗಿ ಅಂಕ ಕೊಟ್ಟಾಗ ಒಬ್ಬರದು 1, ಇನ್ನೊಬ್ಬರದು 3 ಎಂದಾದರೆ ಆ ಅಂಕವನ್ನು ನೆಚ್ಚುವಂತಿಲ್ಲ.

ಈ ಸಾಧನಗಳಲ್ಲಿ ಬಹಳಷ್ಟನ್ನು ತುಂಬುವವರು ಸಿಬ್ಬಂದಿಯೇ. ರೋಗಿಯನ್ನೇ ಕೇಳಬಹುದಲ್ಲ ಎನ್ನಬಹುದು. ಆದರೆ ತನ್ನ ಉತ್ತರ ಬಿಡುಗಡೆಯ ತೀರ್ಮಾನಕ್ಕೆ ತಟ್ಟೀತು ಎಂದು ಬಲ್ಲವನು ಎಷ್ಟು ಬಿಚ್ಚಿ ಹೇಳಿಯಾನು? ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡ ಫೋರಂ ಎಂಬ ಮಾಪಕದಲ್ಲಿ ರೋಗಿಗೊಂದು, ಚಿಕಿತ್ಸಕರಿಗೊಂದು ಎಂದು ಎರಡು ಪ್ರಶ್ನಾವಳಿಗಳಿವೆ. ಐರ್ಲೆಂಡಿನ ಡಂಡ್ರಮ್ ಮಾಪಕಗಳಲ್ಲೂ ರೋಗಿ ತನಗೆ ತಾನೇ ಅಂಕ ಕೊಟ್ಟುಕೊಳ್ಳುವ ಆವೃತ್ತಿ ಇದೆ. ಅಲ್ಲಿ ರೋಗಿಗಳು ತಮ್ಮ ಬಗ್ಗೆ ಸಿಬ್ಬಂದಿಗಿಂತ ಒಳ್ಳೆಯ ಚಿತ್ರ ಕೊಡುವುದು ಸಾಮಾನ್ಯ. ಕುತೂಹಲದ ಸಂಗತಿಯೆಂದರೆ, ಬಿಡುಗಡೆಗೆ ಹತ್ತಿರವಾದವರಲ್ಲಿ ಈ ಎರಡು ಅಂಕಗಳ ನಡುವಿನ ಅಂತರ ಕಿರಿದಾಗಿರುವುದು ಕಂಡುಬಂದಿದೆ.