ಮೇಲಿನ ಒಂದು ಕೆಜಿ, ಕೆಳಗಿನ ಮೂರೂವರೆ ಕೆಜಿ

ಎರಡು ಒಡಲಿನ ಹಾಯಿದೋಣಿ ಗಾಳಿಗೆ ಓರೆಯಾಗಿ ಓಡುತ್ತಿರುವಾಗ, ಗಾಳಿ ಬರುವ ಕಡೆಯ ಒಡಲು ಮೆಲ್ಲಗೆ ನೀರು ಬಿಟ್ಟು ಮೇಲೇಳುತ್ತದೆ. ರೇಸ್ ಓಡಿಸುವವರು ಕಾಯುವುದೇ ಆ ಗಳಿಗೆಗೆ. ನೀರಿಗೆ ಉಜ್ಜಿಕೊಳ್ಳುವ ಒಡಲು ಈಗ ಒಂದೇ. ಹಾಗಾಗಿ ದೋಣಿ ಹಗುರವಾಗಿ ಓಡುತ್ತದೆ. ಆದರೆ ಅದರಾಚೆಗೆ ಗಾಳಿ ಇನ್ನೂ ಜಾಸ್ತಿ ಬೀಸಿದರೆ ಆ ಬಲ ಓಟಕ್ಕೆ ಸಿಗುವುದಿಲ್ಲ. ಒಡಲು ಮತ್ತಷ್ಟು ಮೇಲೆದ್ದು ದೋಣಿ ಮಗುಚುತ್ತದೆ.

ಆ ಮಿತಿ ಎಲ್ಲಿದೆ ಎಂದು ನಾವೇ ಲೆಕ್ಕ ಹಾಕಬಹುದು. ಹೋಬಿ 16 ಎಂಬ ದೋಣಿಯನ್ನು ತೆಗೆದುಕೊಳ್ಳೋಣ. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್ 1970ರ ಆಸುಪಾಸಿನಲ್ಲಿ ಇದನ್ನು ತಂದರು. ಮರಳಿನ ದಡದಿಂದ ನೇರವಾಗಿ ನೀರಿಗೆ ತಳ್ಳಬಹುದಾದ ದೋಣಿ. ಉದ್ದ 5 ಮೀಟರ್, ಅಗಲ 2.4 ಮೀಟರ್, ತೂಕ ಸುಮಾರು 145 ಕೆಜಿ. ಒಂದು ಒಡಲು ಮೇಲೆದ್ದಾಗ ದೋಣಿಯ ತೂಕ ಇನ್ನೊಂದು ಒಡಲಿನಿಂದ ಸುಮಾರು 1.1 ಮೀಟರ್ ದೂರದಲ್ಲಿ ಕೆಳಕ್ಕೆ ಜಗ್ಗುತ್ತದೆ. ಒಳಗಿನ ಇಬ್ಬರು ಸೇರಿ 130 ಕೆಜಿ ಇದ್ದಾರೆ ಅನ್ನೋಣ. ಅವರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಕಂಬದ ಮೇಲಿನಿಂದ ಇಳಿಬಿಟ್ಟ ಟ್ರಪೀಜ್ ತಂತಿಗೆ ಕೊಕ್ಕೆ ಹಾಕಿ, ದೋಣಿಯ ಅಂಚಿಗೆ ಪಾದ ಊರಿ, ಹೊರಗೆ ನೀರಿನ ಮೇಲೆ ಮೈ ಚಾಚುತ್ತಾರೆ. ಅವರ ತೂಕ ಸುಮಾರು 3.2 ಮೀಟರ್ ದೂರದಿಂದ ಜಗ್ಗುತ್ತದೆ. ಗುಣಿಸಿ ನೋಡಿ: ದೋಣಿಯದು 160, ಜನರದು 416. ದೋಣಿಯನ್ನು ನೆಟ್ಟಗೆ ಹಿಡಿದಿರುವುದು ಹೆಚ್ಚಾಗಿ ಆ ಇಬ್ಬರ ಮೈಭಾರ! ಎರಡನ್ನೂ ಕೂಡಿ, ಹಾಯಿಯ ಬಲ ಸರಾಸರಿ 4 ಮೀಟರ್ ಎತ್ತರದಲ್ಲಿದೆ ಎಂದು ಭಾಗಿಸಿದರೆ, ಈ ದೋಣಿ ಅಡ್ಡಲಾಗಿ ತಡೆದುಕೊಳ್ಳುವ ತಳ್ಳು 150 ಕೆಜಿ ತೂಕಕ್ಕಿಂತ ಸ್ವಲ್ಪ ಕಡಿಮೆ.

ಇನ್ನು ಗಾಳಿಯ ಕಡೆ ನೋಡೋಣ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟಾಗುತ್ತದೆ. ಬೆಳಿಗ್ಗೆ ಹಿತವಾಗಿದ್ದ ಹಾಯಿ ಮಧ್ಯಾಹ್ನ ದೋಣಿಯನ್ನು ಮಗುಚಲು ಇದೊಂದೇ ಸಾಕು. ದೊಡ್ಡ ಹಡಗಿನಲ್ಲಾದರೆ ಹಾಯಿಯನ್ನು ಮಡಿಸಿ ಚಿಕ್ಕದು ಮಾಡುತ್ತಾರೆ. ಇಂಥ ಪುಟ್ಟ ರೇಸ್ ದೋಣಿಯಲ್ಲಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಬಟ್ಟೆ ಅಷ್ಟೇ ಇರುತ್ತದೆ, ಅದರ ಆಕಾರವನ್ನು ಬದಲಿಸುತ್ತಾರೆ. ಟ್ಯೂನಿಂಗ್ ಎಂದರೆ ಅದೇ.

ಗಾಳಿಪಟ ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಗದ ಅದೇ, ಕಡ್ಡಿ ಅದೇ. ಸೂತ್ರದ ಗಂಟು ಒಂದು ಬೆರಳು ಮೇಲೆ ಸರಿದರೆ ಪಟ ಗಾಳಿಗೆ ಒಡ್ಡುವ ಕೋನವೇ ಬೇರೆಯಾಗುತ್ತದೆ. ಹಾಯಿದೋಣಿಯಲ್ಲಿ ಅಂಥ ಸೂತ್ರಗಳು ಹತ್ತಾರು, ಅಲ್ವಾ ಅನ್ನಬಹುದು. ಹೌದು, ಆದರೆ ಅವೆಲ್ಲ ಕೇಳುವುದು ಒಂದೇ ಪ್ರಶ್ನೆ: ಹಾಯಿಯ ಯಾವ ಎತ್ತರದಲ್ಲಿ ಎಷ್ಟು ಬಲ ಬೇಕು?

ಎತ್ತರ ಯಾಕೆ ಅಷ್ಟು ಮುಖ್ಯ? ನೀರಿನಿಂದ 7 ಮೀಟರ್ ಮೇಲೆ ಹಾಯಿಯ ತುದಿಯಲ್ಲಿ ಬೀಳುವ ಒಂದು ಕೆಜಿ ತಳ್ಳು, 2 ಮೀಟರ್ ಎತ್ತರದಲ್ಲಿ ಬೀಳುವ ಮೂರೂವರೆ ಕೆಜಿಯಷ್ಟೇ ದೋಣಿಯನ್ನು ವಾಲಿಸುತ್ತದೆ. ದೋಣಿಯನ್ನು ಮುಂದಕ್ಕೆ ಎಳೆಯುವ ಕೆಲಸದಲ್ಲಿ ಮಾತ್ರ ಮೇಲಿನ ಕೆಜಿಗೆ ಅಂಥ ಹೆಚ್ಚುಗಾರಿಕೆ ಏನೂ ಇಲ್ಲ. ಹಾಗಾದರೆ ಗಾಳಿ ಜೋರಾದಾಗ ಮೊದಲು ಎಲ್ಲಿಂದ ಬಿಡಬೇಕು? ತುದಿಯಿಂದ. ಕೆಳಗಿನ ಹಾಯಿ ಎಳೆಯುತ್ತಲೇ ಇರಲಿ.

ಈ ಕೆಲಸವನ್ನು ಅತಿ ಚೆನ್ನಾಗಿ ಮಾಡುವ ಹಗ್ಗಕ್ಕೆ ಡೌನ್‌ಹಾಲ್ ಎನ್ನುತ್ತಾರೆ. ಕಂಬಕ್ಕೆ ಸೇರಿದ ಹಾಯಿಯ ಮುಂದಿನ ಅಂಚನ್ನು ಅದು ಕೆಳಕ್ಕೆ ಎಳೆಯುತ್ತದೆ. ನೋಡಲು ಸಣ್ಣ ಕೆಲಸ. ಫಾರ್ಮುಲಾ 18ನಂಥ ದೋಣಿಗಳಲ್ಲಿ ಅದಕ್ಕೆ ರಾಟೆಯ ಮೇಲೆ ರಾಟೆ ಹಾಕಿ, ಒಬ್ಬರ ಕೈಬಲವನ್ನು ಹಲವು ಪಟ್ಟು ಹೆಚ್ಚಿಸಿರುತ್ತಾರೆ. ಜೋರಾಗಿ ಎಳೆದಾಗ ತೆಳ್ಳಗಿನ ಕಂಬವೇ ಬಿಲ್ಲಿನಂತೆ ಬಾಗುತ್ತದೆ. ನಡುಭಾಗ ಮುಂದಕ್ಕೆ ಹೋಗುತ್ತದೆ, ತುದಿ ಹಿಂದಕ್ಕೆ ಬರುತ್ತದೆ. ನಡುಭಾಗ ತನ್ನ ಜೊತೆ ಬಟ್ಟೆಯನ್ನೂ ಮುಂದಕ್ಕೆ ಎಳೆದುಕೊಳ್ಳುವುದರಿಂದ ಹಾಯಿಯ ಹೊಟ್ಟೆ ಚಪ್ಪಟೆಯಾಗುತ್ತದೆ. ತುದಿಯ ಹತ್ತಿರ ಹಿಂದಿನ ಅಂಚು ಸಡಿಲವಾಗಿ, ಬಾಗಿಲು ತೆರೆದಂತೆ ಹೊರಕ್ಕೆ ತಿರುಗುತ್ತದೆ. ಹೆಚ್ಚಿನ ಗಾಳಿ ಅಲ್ಲಿಂದ ಜಾರಿಹೋಗುತ್ತದೆ. ಒಂದು ಹಗ್ಗ ಎಳೆದರೆ ಕಂಬ, ಬಟ್ಟೆ, ಗಾಳಿ ಮೂರೂ ಹೊಸ ಹೊಂದಾಣಿಕೆಗೆ ಬರುತ್ತವೆ. ಈ ದೋಣಿಗಳಲ್ಲಿ ನನಗೆ ತುಂಬಾ ಚೆಂದ ಕಾಣುವುದು ಇದೇ.

ತುದಿ ಸ್ವಲ್ಪ ತೆರೆದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ನೀರಿಗೆ ಉಜ್ಜಿ ಬರುವ ಗಾಳಿ ನಿಧಾನ, ಎತ್ತರದ ಗಾಳಿ ವೇಗ. ಸ್ಕೂಟರ್ ಓಡಿಸುವಾಗ ಪಕ್ಕದಿಂದ ಬೀಸುವ ಗಾಳಿಯೂ ಮುಂದಿನಿಂದ ಬಂದಂತೆ ಅನಿಸುತ್ತದೆ, ಅಲ್ವಾ? ದೋಣಿಗೂ ಹಾಗೇ. ನಿಧಾನದ ಗಾಳಿ ಹೆಚ್ಚು ಮುಂದಿನಿಂದ ಬಂದಂತೆ ಅನಿಸುತ್ತದೆ, ವೇಗದ ಗಾಳಿ ಅಷ್ಟಾಗಿ ಅಲ್ಲ. ಅಂದರೆ ಒಂದೇ ಹಾಯಿಯ ಬುಡಕ್ಕೂ ತುದಿಗೂ ಗಾಳಿಯ ದಿಕ್ಕು ಬೇರೆ ಬೇರೆ. ಹಾಯಿಯೂ ಅದಕ್ಕೆ ತಕ್ಕಂತೆ ತಿರುಚಿಕೊಂಡಿರಬೇಕು.

ಆ ತಿರುಚನ್ನು ದಿನನಿತ್ಯ ಕೈಯಲ್ಲಿ ಹಿಡಿದಿರುವುದು ಮೇನ್‌ಶೀಟ್, ಅಂದರೆ ದೊಡ್ಡ ಹಾಯಿಯ ಹಗ್ಗ. ಎರಡು ಒಡಲಿನ ದೋಣಿ ಅಗಲವಾಗಿರುವುದರಿಂದ ಇಲ್ಲಿ ಒಂದು ಅನುಕೂಲವಿದೆ. ಹಿಂದಿನ ಅಡ್ಡಪಟ್ಟಿಯ ಮೇಲೆ ಟ್ರಾವೆಲರ್ ಎಂಬ ಗಾಲಿ ಆ ಕಡೆಯಿಂದ ಈ ಕಡೆಗೆ ಜಾರುತ್ತದೆ. ಗಾಲಿಯನ್ನು ಸರಿಸಿದರೆ ಇಡೀ ಹಾಯಿಯ ಕೋನ ಬದಲಾಗುತ್ತದೆ, ತಿರುಚು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹಗ್ಗವನ್ನು ಬಿಗಿ ಮಾಡಿದರೆ ಹಿಂದಿನ ಅಂಚು ಬಿಗಿಯಾಗಿ ತಿರುಚು ಹೋಗುತ್ತದೆ. ಹೊಸಬರು ಈ ಎರಡನ್ನೂ ಒಂದೇ ಎಂದುಕೊಳ್ಳುವುದೇ ಹೆಚ್ಚು. ಇವನ್ನು ಬೇರೆ ಬೇರೆಯಾಗಿ ಯೋಚಿಸಲು ಕಲಿತ ದಿನ ದೋಣಿಯ ಮೇಲೆ ಹಿಡಿತ ಬರುತ್ತದೆ.

ಕಂಬದ್ದೂ ಒಂದು ಗುಟ್ಟಿದೆ. ಅದು ದುಂಡಗಿಲ್ಲ. ಅಡ್ಡ ಕತ್ತರಿಸಿ ನೋಡಿದರೆ ನೀರ ಹನಿಯ ಆಕಾರ. ಅದು ತನ್ನ ಬುಡದ ಮೇಲೆ ತಿರುಗುತ್ತದೆ ಕೂಡ. ಹಾಯಿ ಇರುವ ದಿಕ್ಕಿಗೆ ತಿರುಗಿದಾಗ ಕಂಬ ಮತ್ತು ಬಟ್ಟೆ ಹಕ್ಕಿಯ ರೆಕ್ಕೆಯಂತೆ ಒಂದೇ ನುಣುಪು ರೇಖೆಯಾಗುತ್ತವೆ. ಗಾಳಿ ಕಂಬದ ಹಿಂದೆ ಸುಳಿಯಾಗಿ ಒಡೆಯದೆ ಹರಿಯುತ್ತದೆ. ಹೀಗೆ ತಿರುಗಲು ಬಿಡಬೇಕಾದ್ದರಿಂದ ಕಂಬವನ್ನು ಎರಡು ಪಕ್ಕದಿಂದ ಹಿಡಿದಿರುವ ಶ್ರೌಡ್ ತಂತಿಗಳನ್ನು ತೀರಾ ಬಿಗಿಯುವುದಿಲ್ಲ. ಗಾಳಿ ಬರುವ ಕಡೆಯ ತಂತಿ ಬಿಗಿದಿರುವಾಗ ಆಚೆಯದು ಜೋಲಾಡುತ್ತಿರುತ್ತದೆ. ಮೊದಲ ಸಲ ನೋಡಿದವರಿಗೆ ಭಯವಾಗುತ್ತದೆ. ಅದು ಸರಿಯಾಗಿಯೇ ಇರುತ್ತದೆ.

ಹೋಬಿ 16ರ ಕಂಬ ಹಿಂದಕ್ಕೆ ಚೆನ್ನಾಗಿ ವಾಲಿರುತ್ತದೆ. ಈ ದೋಣಿಗೆ ನೀರಿನೊಳಗೆ ಇಳಿಸುವ ಹಲಗೆ ಇಲ್ಲ. ಅದರ ಬದಲು ಪ್ರತಿ ಒಡಲಿನ ಹೊರಮೈ ಚಪ್ಪಟೆ, ಒಳಮೈ ಉಬ್ಬು. ನೀರಿನಲ್ಲಿರುವ ಒಡಲೇ ರೆಕ್ಕೆಯಂತೆ ಕೆಲಸ ಮಾಡಿ ದೋಣಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಕಂಬವನ್ನು ಹಿಂದಕ್ಕೆ ವಾಲಿಸಿದರೆ ಹಾಯಿಯ ಬಲವೂ ಹಿಂದೆ ಸರಿಯುತ್ತದೆ. ಮೂತಿ ನೀರಿಗೆ ನುಗ್ಗಿ ದೋಣಿ ಮುಂದಕ್ಕೆ ಪಲ್ಟಿ ಹೊಡೆಯುವ ಅಪಾಯ ಸ್ವಲ್ಪ ತಗ್ಗುತ್ತದೆ. ಆದರೆ ತೀರಾ ವಾಲಿಸಿದರೆ ಮೇನ್‌ಶೀಟಿನ ಮೇಲಿನ ರಾಟೆ, ಕೆಳಗಿನ ರಾಟೆ ಒಂದಕ್ಕೊಂದು ತಾಗಿಬಿಡುತ್ತವೆ. ಹಾಯಿಯನ್ನು ಇನ್ನೂ ಬಿಗಿಯಬೇಕು, ಎಳೆಯಲು ಹಗ್ಗಕ್ಕೆ ಜಾಗವೇ ಇಲ್ಲ. ಹಾಗಾಗಿ ಪಳಗಿದವರು ರಾಟೆಗಳು ತಾಗುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸುತ್ತಾರೆ.

ಅಂದಹಾಗೆ, ಎರಡು ಒಡಲಿನ ದೋಣಿಗೆ ಇಂಗ್ಲಿಷಿನಲ್ಲಿರುವ ಕ್ಯಾಟಮರಾನ್ ಎಂಬ ಹೆಸರು ಹೋದದ್ದು ತಮಿಳಿನ ಕಟ್ಟುಮರದಿಂದ. ಕಟ್ಟು, ಮರ ಎರಡೂ ನಮ್ಮವೂ ಹೌದು. ಆ ಮೂಲ ಕಟ್ಟುಮರ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ತೆಪ್ಪ. ಎರಡು ಒಡಲಿನ ದೋಣಿ ಬೆಳೆದದ್ದು ಪೆಸಿಫಿಕ್ ದ್ವೀಪಗಳಲ್ಲಿ. ಅದೇ ಜಾತಿಯ ಟೊರ್ನಾಡೊ 1976ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿ ಓಡಿತು. 2016ರಿಂದ ಒಬ್ಬ ಗಂಡು, ಒಬ್ಬ ಹೆಣ್ಣು ಜೊತೆಯಾಗಿ ನಡೆಸುವ ನಾಕ್ರಾ 17 ಆ ಜಾಗದಲ್ಲಿದೆ.

ಇಷ್ಟೆಲ್ಲ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಹಾಯಿಗೆ ಅಂಟಿಸಿದ ಉಣ್ಣೆದಾರದ ತುಂಡುಗಳು ಮೊದಲು ಹೇಳುತ್ತವೆ. ಎರಡೂ ಬದಿಯ ದಾರ ನೇರ ಹಿಂದಕ್ಕೆ ಹಾರುತ್ತಿದ್ದರೆ ಗಾಳಿ ಅಂಟಿಕೊಂಡು ಹರಿಯುತ್ತಿದೆ. ಗಾಳಿಗೆ ಮರೆಯಾದ ಆಚೆ ಬದಿಯದು ಕುಣಿದಾಡಿದರೆ ಹಾಯಿ ಜಾಸ್ತಿ ಬಿಗಿಯಾಗಿದೆ. ಇದಕ್ಕಿಂತ ನಂಬಿಕೆಯ ದಾರಿ ಎಂದರೆ ಒಂದೇ ತರಹದ ಎರಡು ದೋಣಿಗಳನ್ನು ಅಕ್ಕಪಕ್ಕ ಓಡಿಸುವುದು. ಒಂದನ್ನು ಮುಟ್ಟಬಾರದು. ಇನ್ನೊಂದರಲ್ಲಿ ಒಂದೇ ಒಂದು ಬದಲಾವಣೆ ಮಾಡಿ ಹತ್ತು ನಿಮಿಷ ನೋಡಬೇಕು. ಎರಡು ಬದಲಿಸಿದರೆ ಯಾವುದರಿಂದ ಗೆದ್ದೆವು ಎಂದೇ ಗೊತ್ತಾಗುವುದಿಲ್ಲ.

ದಡಕ್ಕೆ ಬಂದ ಮೇಲೆ ಆ ಅಳತೆಯನ್ನು ಬರೆದಿಡಬೇಕು. ಕಂಬದ ವಾಲನ್ನು ಅಳೆಯಲು ಬೇರೆ ಸಾಧನ ಬೇಡ. ಟ್ರಪೀಜ್ ತಂತಿಯನ್ನು ಎಳೆದು ದೋಣಿಯ ಮೂತಿಗೆ ತಾಗಿಸಿ, ಆ ಉದ್ದವನ್ನು ಬೆರಳಲ್ಲಿ ಹಿಡಿದು, ಹಾಗೇ ಹಿಂದಕ್ಕೆ ತಿರುಗಿಸಿ, ಒಡಲಿನ ಹಿಂಭಾಗದಲ್ಲಿ ಎಲ್ಲಿ ತಾಗುತ್ತದೆ ಎಂದು ಗುರುತು ಹಾಕುತ್ತಾರೆ. ಸುಮಾರು 8 ಮೀಟರ್ ಕಂಬ ಒಂದೇ ಒಂದು ಡಿಗ್ರಿ ವಾಲಿದರೆ ಅದರ ತುದಿ 14 ಸೆಂಟಿಮೀಟರ್ ಸರಿಯುತ್ತದೆ. ನೀರಿನ ಮೇಲೆ ಮೈಭಾರ ಹೊತ್ತ ತಂತಿಯೇ ದಡದಲ್ಲಿ ಅಳತೆಪಟ್ಟಿಯಾಗುತ್ತದೆ.