ಡೀಸೆಲ್ ಗ್ಯಾರೇಜಿನ ಹಳೆಯ ಆಯಿಲ್: ಬೆರೆಸದಿದ್ದರೆ ಸರಕು, ಬೆರೆಸಿದರೆ ಹೊರೆ

ದಿನಕ್ಕೆ ಎರಡು ಲಾರಿಗಳ ಇಂಜಿನ್ ಆಯಿಲ್ ಬದಲಿಸುವ ಸಾಧಾರಣ ಡೀಸೆಲ್ ಗ್ಯಾರೇಜೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಂದು ಚೇಂಬರಿನಿಂದ, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿಯಿಂದ, 15 ಲೀಟರ್ ಇಳಿಯುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 30 ಲೀಟರ್. ವರ್ಷದಲ್ಲಿ 300 ದಿನ ಕೆಲಸ ನಡೆದರೆ 9,000 ಲೀಟರ್, ತೂಕದಲ್ಲಿ ಸುಮಾರು 8 ಟನ್. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮತ್ತು ಟಿಪ್ಪರುಗಳ ಹೈಡ್ರಾಲಿಕ್ ಆಯಿಲನ್ನೂ ಸೇರಿಸಿಕೊಂಡರೆ ಮೊತ್ತ 10 ಟನ್ನಿನ ಸಮೀಪಕ್ಕೆ ಬರುತ್ತದೆ. ನೆಲಮಂಗಲದಿಂದ ಹುಬ್ಬಳ್ಳಿಯವರೆಗೆ ರಾಷ್ಟ್ರೀಯ ಹೆದ್ದಾರಿ 48ರ ಎರಡೂ ಬದಿಗಳಲ್ಲಿ ಇಂತಹ ಗ್ಯಾರೇಜುಗಳು ಬೇಕಾದಷ್ಟಿವೆ. ಅವುಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಪತ್ರಗಳನ್ನು ಸಿದ್ಧಪಡಿಸಿಕೊಡುವ ಪರಿಸರ ಎಂಜಿನಿಯರನಾಗಿ ನಾನು ಎಲ್ಲಿಗೆ ಹೋದರೂ ಮೊದಲು ಹಳೆಯ ಆಯಿಲಿನ ಬ್ಯಾರಲ್ ತೆರೆಸಿ, ಅದರೊಳಗೆ ಏನೇನು ಸುರಿದಿದ್ದೀರಿ ಎಂದು ಕೇಳುತ್ತೇನೆ. ಕಡತಗಳನ್ನು ನೋಡುವುದು ಆಮೇಲೆ. ಗ್ಯಾರೇಜಿನ ತ್ಯಾಜ್ಯದ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಆ ಬ್ಯಾರಲ್ಲಿನಲ್ಲಿ, ಬೇರೆ ಬೇರೆಯಾಗಿ ಇರಬೇಕಾದದ್ದು ಒಂದಾಗಿ ಬೆರೆತಾಗ.

ಬಳಸಿದ ಆಯಿಲ್ ಕಪ್ಪಾಗಿದೆಯೆಂದ ಮಾತ್ರಕ್ಕೆ ಅದು ಸತ್ತುಹೋಗಿದೆ ಎಂದಲ್ಲ. ಅದರಲ್ಲಿ ಹೆಚ್ಚಿನ ಪಾಲು ಮೂಲ ತೈಲವೇ ಆಗಿದ್ದು, ಅದು ಹತ್ತಾರು ಸಾವಿರ ಕಿಲೋಮೀಟರ್ ಓಡಿದ ಬಳಿಕವೂ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ. ಕ್ಷೀಣಿಸುವುದು ಅದಕ್ಕೆ ಸೇರಿಸಿದ ರಾಸಾಯನಿಕಗಳು. ಅವುಗಳ ಜೊತೆಗೆ ಡೀಸೆಲ್ಲಿನ ಮಸಿ, ಬೇರಿಂಗುಗಳಿಂದ ಸವೆದು ಬಂದ ಸೀಸ ಮತ್ತು ತಾಮ್ರ, ಸಿಲಿಂಡರಿನ ಒಳಗೋಡೆಯಾದ ಲೈನರಿನಿಂದ ಬಂದ ಕಬ್ಬಿಣ, ಸವೆತ ತಡೆಯಲೆಂದು ಕಂಪನಿಯೇ ಹಾಕಿರುವ ಸತುವಿನ ಸಂಯುಕ್ತ, ಉರಿಯದೆ ಉಳಿದ ಡೀಸೆಲ್ ಮತ್ತು ಸ್ವಲ್ಪ ನೀರು ಕೂಡಿಕೊಳ್ಳುತ್ತವೆ. ಈ ಕೊಳೆಯನ್ನು ಬೇರ್ಪಡಿಸುವ ವಿಧಾನ ನಮ್ಮ ಕೈಯಲ್ಲಿದೆ. ಮರುಸಂಸ್ಕರಣಾ ಘಟಕದಲ್ಲಿ ಮೊದಲು ನೀರನ್ನೂ ಹಗುರ ಇಂಧನವನ್ನೂ ಕಾಯಿಸಿ ತೆಗೆದು, ಆಮೇಲೆ ನಿರ್ವಾತದಲ್ಲಿ ಬಟ್ಟಿ ಇಳಿಸಿ, ಕೊನೆಗೆ ವಿಶೇಷ ಜೇಡಿಮಣ್ಣಿನಿಂದಲೋ ಜಲಜನಕದಿಂದಲೋ ಶುದ್ಧಗೊಳಿಸಿದರೆ ಮತ್ತೆ ಮೂಲ ತೈಲ ದೊರೆಯುತ್ತದೆ. 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ಐದನೆಯ ಅನುಸೂಚಿಯು ಮರುಸಂಸ್ಕರಣೆಗೆ ಯೋಗ್ಯವಾದ ಆಯಿಲಿಗೆ ಮಿತಿಗಳನ್ನು ಹಾಕಿಕೊಟ್ಟಿದೆ: ಸೀಸ 10 ಲಕ್ಷ ಭಾಗದಲ್ಲಿ 100 ಭಾಗ, ಆರ್ಸೆನಿಕ್ 5 ಭಾಗ, ಕ್ಯಾಡ್ಮಿಯಂ, ಕ್ರೋಮಿಯಂ ಮತ್ತು ನಿಕಲ್ ಮೂರೂ ಸೇರಿ 500 ಭಾಗ ಮೀರಬಾರದು. ಇಂಜಿನಿನಿಂದ ಇಳಿದ ಆಯಿಲನ್ನು ಅದರ ಪಾಡಿಗೆ ಶೇಖರಿಸಿದರೆ ಅದು ಸಾಮಾನ್ಯವಾಗಿ ಈ ಮಿತಿಯೊಳಗೆ ಇರುತ್ತದೆ. ಮಿತಿ ಮೀರುವುದು ಬಹುತೇಕ ಹೊರಗಿನಿಂದ ಬಂದು ಸೇರಿದ ವಸ್ತುಗಳಿಂದ.

ಹಾಗೆ ಸೇರುವ ವಸ್ತುಗಳಲ್ಲಿ ಮೊದಲನೆಯದು ಬಿಡಿಭಾಗ ತೊಳೆದ ಡೀಸೆಲ್ ಅಥವಾ ಸೀಮೆಎಣ್ಣೆ. ಟ್ರೇಯಲ್ಲಿ ತೊಳೆಯುವ ಕೆಲಸ ಮುಗಿದ ಮೇಲೆ ಅದನ್ನು ಆಯಿಲ್ ಬ್ಯಾರಲ್ಲಿಗೇ ಸುರಿಯುವುದು ಎಷ್ಟು ಸಾಮಾನ್ಯವೆಂದರೆ, ಅದನ್ನು ತಪ್ಪೆಂದು ಹೇಳಿದಾಗ ಹಿರಿಯ ಮೇಸ್ತ್ರಿಗಳೂ ಆಶ್ಚರ್ಯಪಡುತ್ತಾರೆ. ಆದರೆ ಡೀಸೆಲ್ ಸೇರಿದಷ್ಟೂ ಬ್ಯಾರಲ್ಲಿನ ದ್ರವ ಕಡಿಮೆ ಶಾಖಕ್ಕೇ ಬೆಂಕಿ ಹಿಡಿಯುವಂತಾಗುತ್ತದೆ, ಮತ್ತು ವೆಲ್ಡಿಂಗ್ ಕಿಡಿ ಹಾರುವ ಶೆಡ್ಡಿನಲ್ಲಿ ಅದು ಸಣ್ಣ ವಿಷಯವಲ್ಲ. ತೊಳೆದ ಡೀಸೆಲ್ಲನ್ನು ಎರಡು ದಿನ ಅಲುಗಾಡಿಸದೆ ಬಿಟ್ಟರೆ ಕೆಸರು ತಳಕ್ಕಿಳಿದು, ಮೇಲಿನ ತಿಳಿ ಮತ್ತೆ ತೊಳೆಯಲು ಒದಗುತ್ತದೆ. ಎರಡು ಟ್ರೇಗಳನ್ನು ಸರದಿಯಂತೆ ಇಟ್ಟುಕೊಂಡ ಗ್ಯಾರೇಜುಗಳಲ್ಲಿ ಡೀಸೆಲ್ ಖರ್ಚೇ ಇಳಿದದ್ದನ್ನು ಕಂಡಿದ್ದೇನೆ. ಎರಡನೆಯದು ರೇಡಿಯೇಟರಿನ ಕೂಲೆಂಟ್. ಅದರಲ್ಲಿರುವ ಇಥಿಲೀನ್ ಗ್ಲೈಕಾಲ್ ನೀರಿನೊಡನೆ ಆಯಿಲಿಗೆ ಸೇರಿದರೆ ಹಾಲಿನಂತಹ ಮಿಶ್ರಣವಾಗಿ, ಬೇರ್ಪಡಿಸಲು ಬಾರದ ಕೆಸರಾಗುತ್ತದೆ. ಕೂಲೆಂಟಿನದು ಇನ್ನೊಂದು ಅಪಾಯವೂ ಇದೆ: ರುಚಿ ಸಿಹಿ, ಗುಣ ವಿಷ. ತೆರೆದ ಬಕೆಟ್ಟಿನಲ್ಲಿಟ್ಟರೆ ಗ್ಯಾರೇಜಿನ ನಾಯಿಗಳು ನೆಕ್ಕಿ ಸಾಯುತ್ತವೆ. ಅದಕ್ಕೆ ಬೇರೆ ಬಣ್ಣದ, ಮುಚ್ಚಳವಿರುವ ಕ್ಯಾನ್ ಬೇಕು. ಥಿನ್ನರ್, ಬ್ರೇಕ್ ಫ್ಲೂಯಿಡ್ ಮತ್ತು ಕ್ಲೋರಿನ್ ಇರುವ ಕ್ಲೀನರುಗಳನ್ನು ಒಂದು ಲೋಟದಷ್ಟೂ ಆಯಿಲಿಗೆ ಸೇರಿಸಕೂಡದು, ಏಕೆಂದರೆ ಕ್ಲೋರಿನ್ ಇರುವ ಆಯಿಲನ್ನು ಕಾಯಿಸಿದಾಗ ಅದು ಆಮ್ಲವಾಗಿ ಘಟಕದ ಕೊಳವೆಗಳನ್ನೇ ತಿನ್ನುತ್ತದೆ.

ಇನ್ನು ಯಾರೂ ಸುರಿಯದೆಯೇ ಒಳಗೆ ಸೇರುವುದು ಮಳೆನೀರು. ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರಲ್ಲಿನ ತಲೆಯ ಮೇಲೆ, ಅಂಚಿನೊಳಗೆ ನೀರು ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ರಾತ್ರಿ ತಣ್ಣಗಾದಾಗ ಕುಗ್ಗಿ, ಬಿರಡೆ ಬಿಗಿಯಾಗಿದ್ದರೂ ಅದರ ಸುತ್ತಲಿಂದ ನೀರನ್ನು ಒಳಕ್ಕೆ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೀಗೆ ನಡೆದರೆ ಲೀಟರುಗಟ್ಟಲೆ ನೀರು ಸೇರಿರುತ್ತದೆ. ಹೊಸ ಆಯಿಲಿನ ಬ್ಯಾರಲ್ಲಿಗೂ ಇದೇ ಗತಿ. ಸೂರಿನ ಕೆಳಗೆ ಜಾಗವಿಲ್ಲದಿದ್ದರೆ ಬ್ಯಾರಲ್ಲನ್ನು ಒಂದು ಬದಿಗೆ ವಾಲಿಸಿ, ಬಿರಡೆಯ ಮೇಲೆ ನೀರು ನಿಲ್ಲದಂತೆ ಮಾಡುವುದು ಕನಿಷ್ಠ ಎಚ್ಚರಿಕೆ.

ಶೇಖರಣೆಯ ಜಾಗಕ್ಕೆ ದೊಡ್ಡ ಖರ್ಚು ಬೇಕಾಗಿಲ್ಲ. ಬಿರುಕಿಲ್ಲದ ಸಿಮೆಂಟ್ ನೆಲ, ಮೇಲೆ ಶೀಟು, ಸುತ್ತ ಒಡ್ಡು, ಹತ್ತಿರದಲ್ಲಿ ಚರಂಡಿ ಇಲ್ಲದಿರುವುದು, ಇಷ್ಟು ಸಾಕು. ಒಡ್ಡಿನೊಳಗೆ ಅತಿ ದೊಡ್ಡ ಬ್ಯಾರಲ್ಲಿನ ಶೇ 110ರಷ್ಟು ದ್ರವ ನಿಲ್ಲಬೇಕೆಂಬುದು ಎಂಜಿನಿಯರುಗಳು ಪಾಲಿಸುವ ಲೆಕ್ಕ. 210 ಲೀಟರಿನ ನಾಲ್ಕು ಬ್ಯಾರಲ್ಲುಗಳಿಗೆ ಎರಡು ಮೀಟರ್ ಉದ್ದಗಲದ ಕಟ್ಟೆಯ ಸುತ್ತ ಅರ್ಧ ಅಡಿ ಎತ್ತರದ ಒಡ್ಡು ಹಾಕಿದರೆ ಬೇಕಾದದ್ದಕ್ಕಿಂತ ಹೆಚ್ಚೇ ಆಯಿತು. ಪ್ರತಿ ಬ್ಯಾರಲ್ಲಿನ ಮೇಲೆ ಅಪಾಯಕಾರಿ ತ್ಯಾಜ್ಯವೆಂದು ತಿಳಿಸುವ, ಅದೇ 2016ರ ನಿಯಮಗಳ ನಮೂನೆ-8ರ ಚೀಟಿ, ತುಂಬಲು ಆರಂಭಿಸಿದ ದಿನಾಂಕ ಇರಬೇಕು. ನೆಲಕ್ಕೆ ಚೆಲ್ಲಿದ ಆಯಿಲನ್ನು ನೀರು ಬಿಟ್ಟು ತೊಳೆಯದೆ ಮರದ ಪುಡಿಯನ್ನೋ ಭತ್ತದ ಹೊಟ್ಟನ್ನೋ ಹರಡಿ ಹೀರಿಸಿ ಗುಡಿಸಬೇಕು; ಆ ಪುಡಿಯೂ ಆಗ ಎಣ್ಣೆಯುಕ್ತ ತ್ಯಾಜ್ಯವೇ, ಅದನ್ನು ಕಸದ ಗಾಡಿಗೆ ಹಾಕುವಂತಿಲ್ಲ.

ಫಿಲ್ಟರಿನ ವಿಷಯದಲ್ಲಿ ಬಿಸಿ ಇರುವಾಗಲೇ ಬೋರಲು ಹಾಕುವುದು ಮುಖ್ಯ. ಇಂಜಿನ್ ಬಿಸಿಯಾಗಿರುವಾಗ ಬಿಚ್ಚಿ, ತಲೆಯಲ್ಲಿ ಒಂದು ರಂಧ್ರ ಹೊಡೆದು, ಜಾಲರಿಯ ಮೇಲೆ ರಾತ್ರಿಯಿಡೀ ಇಳಿಯಲು ಬಿಟ್ಟರೆ ಒಳಗೆ ಉಳಿದ ಆಯಿಲಿನ ಬಹುಭಾಗ ಬ್ಯಾರಲ್ಲಿಗೆ ಸೇರುತ್ತದೆ. ರಂಧ್ರವಿಲ್ಲದಿದ್ದರೆ ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವ ರಬ್ಬರ್ ವಾಲ್ವ್ ಅದನ್ನು ಒಳಗೇ ಹಿಡಿದಿಡುತ್ತದೆ. ಕಾಟನ್ ವೇಸ್ಟ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂಬ ಭಯ ಅನೇಕರಲ್ಲಿದೆ. ಆ ಗುಣ ಅಗಸೆಎಣ್ಣೆಯಂತಹ, ಗಾಳಿಗೆ ಒಣಗುವ ಎಣ್ಣೆಗಳದು. ಆದ್ದರಿಂದ ಬಾಡಿ ಕಟ್ಟಿ ಬಣ್ಣ ಬಳಿಯುವ ಶೆಡ್ಡಿನಲ್ಲಿ ಆ ಭಯ ಸರಿಯೇ. ಇಂಜಿನ್ ಆಯಿಲ್ ಒರೆಸಿದ ಬಟ್ಟೆಗೆ ನಿಜವಾದ ಅಪಾಯ ಹೊರಗಿನ ಕಿಡಿಯಿಂದ ಮತ್ತು ಬೀಡಿಯಿಂದ. ಎರಡಕ್ಕೂ ಮುಚ್ಚಳವಿರುವ ತಗಡಿನ ಡಬ್ಬವೇ ಪರಿಹಾರ.

ಖಾಲಿ ಆಯಿಲ್ ಕ್ಯಾನುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಂಪನಿಯ ಹೆಸರು ಮತ್ತು ಮುಚ್ಚಳ ಸರಿಯಾಗಿರುವ ಕ್ಯಾನಿಗೆ ಗುಜರಿಯವರು ಪ್ಲಾಸ್ಟಿಕ್ಕಿನ ಬೆಲೆಗಿಂತ ಹೆಚ್ಚು ಕೊಟ್ಟರೆ, ಏಕೆಂದು ಮಾಲೀಕರು ಕೇಳಿಕೊಳ್ಳಬೇಕು. ಹಳೆಯ ಆಯಿಲನ್ನು ಗಂಧಕಾಮ್ಲದಿಂದ ತಿಳಿಗೊಳಿಸಿ, ಬಣ್ಣ ಹಾಕಿ, ಅಸಲಿ ಕ್ಯಾನುಗಳಿಗೆ ತುಂಬಿ ಮಾರುವ ದಂಧೆ ದೇಶದ ಅನೇಕ ಕಡೆ ಪೊಲೀಸರ ಕೈಗೆ ಸಿಕ್ಕಿದೆ. ಹಾಗೆ ತಯಾರಾದ ಆಯಿಲಿನಲ್ಲಿ ಸವೆತ ತಡೆಯುವ ರಾಸಾಯನಿಕಗಳೇ ಇರುವುದಿಲ್ಲ. ಅದನ್ನು ತುಂಬಿದ ಇಂಜಿನ್ ಬೇರಿಂಗ್ ತಿಂದುಕೊಂಡು ಮತ್ತೆ ಯಾವುದೋ ಗ್ಯಾರೇಜಿಗೆ ಬರುತ್ತದೆ, ಬೈಸಿಕೊಳ್ಳುವವರು ಅಲ್ಲಿನ ಮೇಸ್ತ್ರಿ. ಆಮ್ಲದ ವಿಧಾನದಲ್ಲಿ ಉಳಿಯುವ ಟಾರು ಹಳೆಯ ಆಯಿಲಿಗಿಂತಲೂ ಕೆಟ್ಟ ತ್ಯಾಜ್ಯ. ಆದುದರಿಂದ ಕ್ಯಾನನ್ನು ಪೂರ್ತಿ ಬರಿದುಮಾಡಿ, ಡ್ರಿಲ್ಲಿನಿಂದ ಎರಡು ತೂತು ಹೊಡೆದು, ಮುಚ್ಚಳವನ್ನು ಕತ್ತರಿಸಿ, ಆಮೇಲೆ ಮಂಡಳಿಯ ಅನುಮತಿ ಇರುವವರಿಗಷ್ಟೇ ಕೊಡಿ ಎಂದು ನಾನು ಎಲ್ಲ ಕಡೆಯೂ ಹಠ ಹಿಡಿಯುತ್ತೇನೆ.

ಗಾಡಿ ತೊಳೆಯುವ ನೀರಿಗೆ ಮೂರು ಕೋಣೆಗಳ ಎಣ್ಣೆ ತಡೆಗುಂಡಿ ಕಟ್ಟಿಸಿದವರು ಅದು ಕೆಲಸ ಮಾಡುತ್ತಿಲ್ಲವೆಂದು ದೂರುವುದುಂಟು. ಗುಂಡಿ ನಿಂತಿರುವುದು ಎಣ್ಣೆ ನೀರಿಗಿಂತ ಹಗುರವೆಂಬ ಒಂದೇ ಆಧಾರದ ಮೇಲೆ. ಸೋಪಿನ ಪುಡಿ ಹಾಕಿ ಒತ್ತಡದ ನೀರಿನಿಂದ ಚಾಸಿ ತೊಳೆದಾಗ ಎಣ್ಣೆ ಸೂಕ್ಷ್ಮ ಹನಿಗಳಾಗಿ ಒಡೆದು ನೀರಿನಲ್ಲೇ ತೇಲಾಡುತ್ತ, ಮೂರೂ ಕೋಣೆ ದಾಟಿ ಚರಂಡಿ ಸೇರುತ್ತದೆ. ಒಳಚರಂಡಿಗೆ ಬಿಡುವ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ, ಕೆರೆ ಹಳ್ಳಗಳಿಗೆ ಬಿಡುವುದರಲ್ಲಿ 10 ಮಿಲಿಗ್ರಾಂ ಎಣ್ಣೆ ಮತ್ತು ಗ್ರೀಸ್ ಮೀರಬಾರದೆಂಬ ಮಿತಿಯೊಳಗೆ ಇಂತಹ ನೀರು ಬರಲಾರದು. ತೊಳೆಯುವ ಮೊದಲು ಗ್ರೀಸನ್ನು ಕೆರೆದು ತೆಗೆಯುವುದು, ಸೋಪನ್ನು ಕಡಿಮೆಮಾಡುವುದು, ಮೇಲೆ ಕಟ್ಟಿದ ಎಣ್ಣೆಯನ್ನು ವಾರಕ್ಕೊಮ್ಮೆ ತೋಡುವುದು, ಈ ಮೂರು ನಡೆಯದಿದ್ದರೆ ಎಷ್ಟು ಕೋಣೆ ಕಟ್ಟಿಸಿದರೂ ಹಣ ವ್ಯರ್ಥ.

ತುಂಬಿದ ಬ್ಯಾರಲ್ಲನ್ನು ಯಾರಿಗೆ ಕೊಡಬೇಕೆಂಬುದೇ ಮಾಲೀಕರಿಗೆ ಕಠಿಣವೆನಿಸುವ ಪ್ರಶ್ನೆ, ಏಕೆಂದರೆ ಅಲ್ಲಿ ದುಡ್ಡಿದೆ. ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೇಳುವವರು, ಬೇಲಿ ಕಂಬಕ್ಕೆ ಗೆದ್ದಲು ಹತ್ತದಂತೆ ಹಚ್ಚಲು ಕೇಳುವ ರೈತರು, ಇಟ್ಟಿಗೆ ಗೂಡಿನವರು, ಬಾಯ್ಲರಿನವರು ಎಲ್ಲರೂ ನಗದು ಕೊಟ್ಟು ಒಯ್ಯುತ್ತಾರೆ. ಅಂಗಳದ ಧೂಳು ಅಡಗಿಸಲು, ದನಗಳ ಗಾಯಕ್ಕೆ ಹಚ್ಚಲು ಕೂಡ ಒಯ್ಯುತ್ತಿದ್ದ ಕಾಲವಿತ್ತು, ಈಗಲೂ ಅಲ್ಲಲ್ಲಿ ಇದೆ. ಕಡಿಮೆ ಶಾಖದ ಗೂಡಿನಲ್ಲಿ ಉರಿಸಿದರೆ ಸೀಸ ಮತ್ತು ಸತು ಹೊಗೆಯೊಂದಿಗೆ ಊರಿನ ಮೇಲೆ ಬೀಳುತ್ತವೆ. ಅಂಗಳಕ್ಕೆ ಎರಚಿದರೆ ಮೊದಲ ಮಳೆಗೆ ಬಾವಿಯ ಕಡೆ ಹರಿಯುತ್ತದೆ. ಕಾನೂನಿನ ನೋಟದಲ್ಲಿ ಇವೆಲ್ಲ ಒಂದೇ. 2016ರ ನಿಯಮಗಳ ಮೊದಲನೆಯ ಅನುಸೂಚಿಯಲ್ಲಿ 5.1ನೆಯ ನಮೂದಾಗಿರುವ ಬಳಸಿದ ಆಯಿಲನ್ನು ಅಧಿಕೃತ ಸಂಸ್ಕರಣಾಕಾರರಿಗೆ ಅಥವಾ ನೋಂದಾಯಿತ ಸಂಗ್ರಹಕಾರರಿಗೆ ಮಾತ್ರ ಕೊಡಬೇಕು, ಮತ್ತು ತಪ್ಪು ನಿರ್ವಹಣೆಯಿಂದ ಪರಿಸರಕ್ಕೋ ಬೇರೆಯವರಿಗೋ ಆಗುವ ಹಾನಿಯ ಹೊಣೆಯನ್ನು 23ನೆಯ ನಿಯಮವು ತ್ಯಾಜ್ಯ ಹುಟ್ಟಿದ ಜಾಗದ ಮಾಲೀಕರ ಮೇಲೂ ಹೊರಿಸುತ್ತದೆ. ರಾತ್ರಿ ಟೆಂಪೋದಲ್ಲಿ ಬಂದು ರಸೀದಿಯಿಲ್ಲದೆ ಒಯ್ದವರ ಮುಖ ಮಾಲೀಕರಿಗೆ ನೆನಪಿರಲಿಕ್ಕಿಲ್ಲ; ಅದು ಪತ್ತೆಯಾದ ದಿನ ಹುಡುಕಿಕೊಂಡು ಬರುವುದು ಗ್ಯಾರೇಜನ್ನೇ.

ಕಾಗದದ ಕೆಲಸ ಜನ ಅಂಜುವಷ್ಟು ದೊಡ್ಡದಲ್ಲ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅನುಮತಿ ಕೋರಿ ನಮೂನೆ-1ರಲ್ಲಿ ಅರ್ಜಿ, ಬಂದುಹೋದ ಪ್ರಮಾಣಕ್ಕೆ ನಮೂನೆ-3ರ ದಾಖಲೆ, ಬ್ಯಾರಲ್ ಹೊರಡುವಾಗ ನಮೂನೆ-10ರ ಸಾಗಣೆ ಪತ್ರ, ಪ್ರತಿ ವರ್ಷ ಜೂನ್ 30ರೊಳಗೆ ನಮೂನೆ-4ರ ವಾರ್ಷಿಕ ವರದಿ. ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ವರ್ಷಕ್ಕೆ 10 ಟನ್ನಿನವರೆಗಿನ ಸಣ್ಣ ಉತ್ಪಾದಕರಿಗೆ ಮಂಡಳಿಯು ಅದನ್ನು 180 ದಿನಗಳಿಗೆ ವಿಸ್ತರಿಸಬಹುದು. ಮೇಲೆ ಲೆಕ್ಕ ಹಾಕಿದ ಗ್ಯಾರೇಜಿಗೆ ಈ ಅವಕಾಶ ಸರಿಯಾಗಿ ಹೊಂದುತ್ತದೆ, ಆದರೆ ಕೇಳದೆ ಅದು ತಾನಾಗಿ ಸಿಗುವುದಿಲ್ಲ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಕರಿಗೂ ಆಮದುದಾರರಿಗೂ ಮಾರಿದ ಪ್ರಮಾಣದ ಒಂದು ಪಾಲನ್ನು ಮರುಸಂಸ್ಕರಣೆಗೆ ಒಳಪಡಿಸುವ ವಿಸ್ತೃತ ಹೊಣೆಗಾರಿಕೆ ಜಾರಿಯಾಗಿರುವುದರಿಂದ, ಶುದ್ಧವಾಗಿ ಶೇಖರಿಸಿದ ಹಳೆಯ ಆಯಿಲಿಗೆ ಅಧಿಕೃತ ಮಾರ್ಗದಲ್ಲೂ ಬೇಡಿಕೆ ಹೆಚ್ಚಬೇಕು. ಅಕ್ಕಪಕ್ಕದ ಐದಾರು ಗ್ಯಾರೇಜುಗಳು ಒಂದೇ ದಿನ ಸಂಗ್ರಹಕಾರರನ್ನು ಕರೆಸಿಕೊಂಡರೆ ಒಳ್ಳೆಯ ದರವನ್ನು ಕೇಳಲು ಸಾಧ್ಯ.

ಬ್ಯಾಟರಿಗಳ ಮಾತು ಚಿಕ್ಕದು: 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯದನ್ನು ಆಮ್ಲ ಚೆಲ್ಲದೆ ಡೀಲರಿಗೋ ನೋಂದಾಯಿತ ಮರುಬಳಕೆದಾರರಿಗೋ ಮರಳಿಸಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಹೊಗೆ ಮಾನದಂಡದ ಗಾಡಿಗಳು ಹೊಸದೊಂದು ಧೂಳನ್ನು ತಂದಿವೆ. ಅವುಗಳ ಹೊಗೆ ಫಿಲ್ಟರಿನಲ್ಲಿ ಕೂಡುವ ಬೂದಿಯಲ್ಲಿ ಆಯಿಲಿನಿಂದ ಬಂದ ಸತು, ಕ್ಯಾಲ್ಸಿಯಂ ಇರುತ್ತವೆ. ಅದನ್ನು ಗಾಳಿ ಪೈಪಿನಿಂದ ಊದುವ ಹುಡುಗರು ಅದನ್ನೇ ಉಸಿರಾಡುತ್ತಾರೆ. ಬ್ರೇಕ್ ಡ್ರಮ್ಮಿನ ಧೂಳಿಗೂ ಇದೇ ಮಾತು, ಹಳೆಯ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರುವ ಸಾಧ್ಯತೆಯಿಂದ ಅಲ್ಲಿ ಇನ್ನೂ ಹೆಚ್ಚು. ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಆಯಿಲಿನಲ್ಲಿ ಚರ್ಮದ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳಿರುವುದರಿಂದ ನೈಟ್ರೈಲ್ ಗ್ಲೌಸ್ ಕೊಡಿಸುವುದು ಮಾಲೀಕರ ಕರ್ತವ್ಯ, ಮತ್ತು ಕೈಯನ್ನು ಡೀಸೆಲ್ಲಿನಲ್ಲಿ ತೊಳೆಯುವ ಅಭ್ಯಾಸವನ್ನು ಬಿಡಿಸಲೇಬೇಕು, ಏಕೆಂದರೆ ಅದು ಚರ್ಮದ ಜಿಡ್ಡನ್ನು ತೆಗೆದು ಉಳಿದದ್ದಕ್ಕೆ ದಾರಿ ಮಾಡಿಕೊಡುತ್ತದೆ.

ಈಗಾಗಲೇ ಎಲ್ಲವೂ ಬೆರೆತುಹೋದ ಬ್ಯಾರಲ್ಲುಗಳನ್ನು ಏನು ಮಾಡುವುದೆಂದು ಬಹಳ ಮಾಲೀಕರು ಕೇಳುತ್ತಾರೆ. ಅವುಗಳನ್ನು ಒಳ್ಳೆಯ ಆಯಿಲಿನೊಂದಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಸಾಗಹಾಕುವ ಯೋಚನೆ ಬೇಡ. ಸಂಗ್ರಹಕಾರರ ಮಾದರಿ ಪರೀಕ್ಷೆಯಲ್ಲಿ ಇಡೀ ಸರಕೇ ತಿರಸ್ಕೃತವಾಗುತ್ತದೆ. ಬೇರೆಯಾಗಿಟ್ಟು, ಒಳಗೆ ಏನೇನಿದೆಯೋ ಅದನ್ನು ಪ್ರಾಮಾಣಿಕವಾಗಿ ಬರೆದು, ಡಾಬಸ್‌ಪೇಟೆಯಲ್ಲಿರುವ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕಕ್ಕೋ, ಸಿಮೆಂಟ್ ಗೂಡಿನಲ್ಲಿ ಉರಿಸಲು ತ್ಯಾಜ್ಯ ಸಿದ್ಧಪಡಿಸುವ ಅನುಮತಿ ಹೊಂದಿದವರಿಗೋ ಕಳುಹಿಸಬೇಕು. ಶುದ್ಧ ಆಯಿಲಿಗೆ ಸಂಗ್ರಹಕಾರರು ಹಣ ಕೊಡುತ್ತಿದ್ದರು. ಇದಕ್ಕೆ ಕಿಲೋ ಲೆಕ್ಕದಲ್ಲಿ ಮಾಲೀಕರೇ ಕೊಡಬೇಕು, ಸಾಗಣೆಯ ಖರ್ಚು ಬೇರೆ.